ಕುಡುಕನ ಚಿತ್ರಣವೂ ಅನುಮೋದನೆಯ ಪ್ರಶ್ನೆಯೂ

ಶ್ರಾವಕನ ಅಷ್ಟಮೂಲಗುಣಗಳಲ್ಲಿ ಮದ್ಯತ್ಯಾಗವು ಮೊದಲಿಗೇ ಬರುತ್ತದೆ. ತ್ಯಾಗವಾದರೋ ಕೃತ, ಕಾರಿತ, ಅನುಮೋದನೆ ಎಂಬ ಮೂರು ಬಗೆಯಿಂದಲೂ ಆಗಬೇಕು: ತಾನು ಕುಡಿಯಬಾರದು, ಕುಡಿಸಬಾರದು, ಕುಡಿಯುವುದನ್ನು ಮೆಚ್ಚಲೂಬಾರದು. ಹೀಗಿರುವಲ್ಲಿ, ವ್ರತನಿಷ್ಠರ ಮನೆಯಲ್ಲಿ ಹುಟ್ಟಿದ ತರುಣನೊಬ್ಬನು ಕಥೆ ಬರೆಯತೊಡಗಿ, ಕುಡುಕನೊಬ್ಬನನ್ನು ವಾಚಕರು ನಂಬುವಂತೆ ಚಿತ್ರಿಸಿದರೆ ಅದು ಅನುಮೋದನೆಯಾಗುವುದೇ? ಮದ್ಯವನ್ನೇ ಮುಟ್ಟದವನಿಗೆ ಮದ್ಯಪಾನಿಯ ಅಂತರಂಗ ತಿಳಿಯುವುದಾದರೂ ಹೇಗೆ?

ಎರಡನೆಯ ಶಂಕೆಗೆ ಕನ್ನಡದಲ್ಲಿಯೇ ಸಮಾಧಾನವಿದೆ. ‘ಎಂಡ್ಕುಡ್ಕ ರತ್ನ’ನನ್ನು ನಾಡಿಗೆ ಕೊಟ್ಟ ಜಿ. ಪಿ. ರಾಜರತ್ನಂ ಅವರು ಹೆಂಡ ಮುಟ್ಟಿದವರಲ್ಲ; ಬೌದ್ಧ, ಜೈನ ವಾಙ್ಮಯಗಳಲ್ಲಿ ಪರಿಶ್ರಮವಿದ್ದ ಅಧ್ಯಾಪಕರು. ರತ್ನನನ್ನು ಜನ ನಂಬಿದ್ದು ಅವನ ತೂರಾಟಕ್ಕಾಗಿ ಅಲ್ಲ, ಅವನ ಮಾತಿಗಾಗಿ, ಕನ್ನಡದ ಮೇಲೆಯೂ ಪುಟ್ನಂಜಿಯ ಮೇಲೆಯೂ ಅವನಿಗಿದ್ದ ಪ್ರೀತಿಗಾಗಿ. ಆದರೆ ಪದಗಳ ರತ್ನನಿಗೆ ಒಂದು ಸಂಜೆಯ ನಲಿವು ಸಾಕು. ಕಾದಂಬರಿಯ ಕುಡುಕನಿಗೆ ಮರುದಿನದ ಬೆಳಗೂ ಬೇಕು, ಹತ್ತು ವರ್ಷಗಳ ಬಾಳೂ ಬೇಕು.

ಆ ಬಾಳನ್ನು ಕಟ್ಟಲು ವ್ರತಿಯ ಬಳಿ ಸಾಮಗ್ರಿಯಿಲ್ಲದೆ ಇಲ್ಲ. ಸಾಮಾಯಿಕ ಪಾಠದಲ್ಲಿ ಅಮಿತಗತಿ ಆಚಾರ್ಯರು ಪತನದ ನಾಲ್ಕು ಮೆಟ್ಟಿಲುಗಳನ್ನು ಹೇಳಿದ್ದಾರೆ: ಮನಶ್ಶುದ್ಧಿಗೆ ಕುಂದು ಬರುವುದು ಅತಿಕ್ರಮ, ಶೀಲದ ಬೇಲಿಯನ್ನು ದಾಟುವುದು ವ್ಯತಿಕ್ರಮ, ವಿಷಯಗಳಲ್ಲಿ ತೊಡಗುವುದು ಅತಿಚಾರ, ಅವುಗಳಲ್ಲಿಯೇ ಮುಳುಗುವುದು ಅನಾಚಾರ. ಸಾಮಾನ್ಯ ಕಥೆಗಾರನು ನಾಲ್ಕನೆಯ ಮೆಟ್ಟಿಲಿನಿಂದ ಆರಂಭಿಸುತ್ತಾನೆ. ಆದುದರಿಂದಲೇ ಅವನ ಕುಡುಕ ಬೊಂಬೆಯಾಗುತ್ತಾನೆ.

ಫ್ರೆಂಚ್ ಲೇಖಕ ಎಮಿಲ್ ಜೋಲಾನ ‘ಲಾಸೊಮ್ವಾರ್’ (1877) ಕಾದಂಬರಿಯಲ್ಲಿ ಕೂಪೋ ಎಂಬ ಕೆಲಸಗಾರನಿದ್ದಾನೆ. ಪ್ಯಾರಿಸ್ಸಿನ ಮನೆಗಳ ಛಾವಣಿಗೆ ಸತುವಿನ ತಗಡು ಹೊದಿಸುವುದು ಅವನ ಕಸುಬು. ಅದೇ ಕಸುಬಿನ ತಂದೆ ಕುಡಿದ ಅಮಲಿನಲ್ಲಿ ಮೇಲಿನಿಂದ ಬಿದ್ದು ಸತ್ತವನು. ಆದ್ದರಿಂದ ಮಗನು ಬ್ರಾಂದಿಗೆ ಹೆದರುತ್ತಾನೆ. ಒಂದು ದಿನ ಅವನೂ ಬೀಳುತ್ತಾನೆ, ಒಂದು ಹನಿಯನ್ನೂ ಮುಟ್ಟದೆ ಕೆಲಸ ಮಾಡುತ್ತಿದ್ದಾಗ. ಹಾಸಿಗೆ ಹಿಡಿದು ಮಲಗಿದವನ ಮನಸ್ಸಿನಲ್ಲಿ ಒಂದೇ ಕೊರಗು: ಅಪ್ಪ ಬಿದ್ದುದಕ್ಕೆ ಕಾರಣವಿತ್ತು, ತಾನು ಬಿದ್ದುದು ಯಾವ ನ್ಯಾಯ? ಅತಿಕ್ರಮವೆಂದರೆ ಇದೇ. ಬಾಟಲಿಯಿನ್ನೂ ದೂರದಲ್ಲಿದೆ, ಮನಸ್ಸಿನ ಬೇಲಿ ಆಗಲೇ ಮುರಿದಿದೆ. ಮುಂದೆ ಆಲಸ್ಯ, ಗೆಳೆಯರ ಜೊತೆ ದ್ರಾಕ್ಷಾಮದ್ಯ, ಬಳಿಕ ಬ್ರಾಂದಿ, ಕೊನೆಗೆ ಸೇಂತ್ ಆನ್ ಆಸ್ಪತ್ರೆಯಲ್ಲಿ ಉನ್ಮಾದದ ಮರಣ. ವಾಚಕನು ಅವನನ್ನು ಹೇಸಲಾರ, ಮೆಚ್ಚಲೂ ಆರ.

ಉಪವಾಸದ ಸಂಜೆ ಮನಸ್ಸು ಹೂಡುವ ತರ್ಕವನ್ನು ಬಲ್ಲವನಿಗೆ ಈ ಕೊರಗಿನ ಭಾಷೆ ಅಪರಿಚಿತವಲ್ಲ. ಹಾಗೆಂದು ಹಸಿವೂ ಚಟವೂ ಒಂದೇ ಎಂದು ಬರೆದರೆ ಸುಳ್ಳಾದೀತು. ಬಹುಕಾಲ ಕುಡಿದವನು ಹೆಚ್ಚು ಕುಡಿದರೂ ನೆಟ್ಟಗೇ ನಡೆಯಬಲ್ಲ. ಬೆಳಿಗ್ಗೆ ನಡುಗುವ ಕೈ ಒಂದು ಗುಟುಕಿನಿಂದ ನಿಲ್ಲುತ್ತದೆ. ರಾತ್ರಿ ಆಡಿದ ಮಾತು ನೆನಪಿನಲ್ಲಿಯೇ ಇರುವುದಿಲ್ಲ. ಮಡದಿಯ ಕಣ್ಣೀರು ಕಂಡು ಒಂದೇ ರಾತ್ರಿಯಲ್ಲಿ ಬಿಟ್ಟು ಮರುದಿನ ಆರೋಗ್ಯದಿಂದ ಏಳುವ ನಾಯಕನು ನಿಜಜೀವನದಲ್ಲಿ ದುರ್ಲಭ. ಅತಿಯಾಗಿ ಕುಡಿಯುತ್ತಿದ್ದವನು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳೊಳಗೆ ಸೆಳವು, ಇಲ್ಲದುದನ್ನು ಕಾಣುವ ಭ್ರಾಂತಿ, ಕೆಲವೊಮ್ಮೆ ಪ್ರಾಣಾಪಾಯವೂ ಉಂಟು. (ಬಂಧುವಿಗೆ ತ್ಯಾಗದ ಪ್ರತಿಜ್ಞೆ ಕೊಡಿಸುವ ಮನೆಯವರು ವೈದ್ಯನನ್ನೂ ಕರೆಸುವುದು ಒಳಿತು.)

ಇನ್ನು ಅನುಮೋದನೆಯ ಮಾತು. ಪುನ್ನಾಟ ಸಂಘದ ಜಿನಸೇನಾಚಾರ್ಯರು 783ರಲ್ಲಿ ಮುಗಿಸಿದ ಹರಿವಂಶಪುರಾಣದಲ್ಲಿ ದ್ವಾರಕೆಯ ದಹನವಿದೆ. ನೇಮಿನಾಥ ಸ್ವಾಮಿಯ ಭವಿಷ್ಯವಾಣಿ ಕೇಳಿ ನಗರದ ಮದ್ಯವನ್ನೆಲ್ಲ ಹೊರಗೆ ಚೆಲ್ಲಿಸಿದ್ದರು. ಕಾಡಿನಲ್ಲಿ ಬಾಯಾರಿದ ಯಾದವ ಕುಮಾರರು ಹೊಂಡಗಳಲ್ಲಿ ನಿಂತ ಅದನ್ನೇ ನೀರೆಂದು ಕುಡಿದರು, ಅಮಲೇರಿ ದ್ವೀಪಾಯನ ಮುನಿಗೆ ಕಲ್ಲೆಸೆದರು, ಊರೇ ಉರಿಯಿತು. ಆಚಾರ್ಯರು ಆ ಬಾಯಾರಿಕೆಯನ್ನು ಮರೆಮಾಚಲಿಲ್ಲ, ಬೆಂಕಿಯನ್ನೂ ಮರೆಮಾಚಲಿಲ್ಲ. ಅನುಮೋದನೆಯ ದೋಷ ಅಂಟುವುದು ಎರಡನೆಯದನ್ನು ಮುಚ್ಚಿಟ್ಟಾಗ. ಶರಚ್ಚಂದ್ರರ ‘ದೇವದಾಸ’ (1917) ಚಿತ್ರಪರದೆಗೆ ಬಂದಮೇಲೆ ಪ್ರೇಮಭಂಗಕ್ಕೆ ಮದ್ಯವೇ ಘನತೆಯ ಗುರುತೆಂಬ ಭಾವನೆ ಬೆಳೆದುದು ಇಂಥ ದೋಷವೇ.

ರಷ್ಯಾದ ದಸ್ತಯೆವ್‌ಸ್ಕಿ 1866ರ ‘ಅಪರಾಧ ಮತ್ತು ಶಿಕ್ಷೆ’ಯಲ್ಲಿ ತಂದ ಮಾರ್ಮೆಲಾದೊವ್ ಬೇರೆ ಬಗೆಯವನು. ಕಳೆದುಕೊಂಡ ಸರ್ಕಾರಿ ಕೆಲಸ ಮರಳಿ ಸಿಕ್ಕಿ, ಮೊದಲ ಸಂಬಳವನ್ನು ಮನೆಗೆ ತಂದು, ಹೆಂಡತಿಯ ಮುಖ ಅರಳಿದುದನ್ನು ಕಂಡವನು. ಮರುದಿನವೇ ಪೆಟ್ಟಿಗೆಯಿಂದ ಉಳಿದ ಹಣವನ್ನು ಕದ್ದು ಹೋದವನು. ಹೆಂಡತಿಯ ಕಾಲುಚೀಲಗಳನ್ನೂ ಮಾರಿ ಕುಡಿದೆನೆಂದು ಹೋಟೆಲಿನಲ್ಲಿ ಅಪರಿಚಿತನೆದುರು ತಾನೇ ಒಪ್ಪಿಕೊಳ್ಳುತ್ತಾನೆ. ತಪ್ಪೊಪ್ಪಿಗೆಯಲ್ಲಿಯೂ ಅವನಿಗೊಂದು ರುಚಿಯಿದೆ, ಅದನ್ನೂ ಲೇಖಕನು ಬಿಟ್ಟಿಲ್ಲ. ಅವನೆದುರಿನ ಮದ್ಯದ ಬೆಲೆ ಮೂವತ್ತು ಕೊಪೆಕ್. ಮನೆಯವರನ್ನು ಸಾಕಲು ಬೀದಿಗಿಳಿದ ಮಗಳು ಸೋನ್ಯಾ ಆ ದಿನ ತನ್ನಲ್ಲಿದ್ದ ಅಷ್ಟನ್ನೂ ಏನೂ ಹೇಳದೆ ಅಪ್ಪನ ಕೈಗಿತ್ತಿದ್ದಳು.