ಯಜಮಾನರು ಯಾರು?

ಹೋದ ಬೇಸಿಗೆಯ ಒಂದು ಭಾನುವಾರ ಮಧ್ಯಾಹ್ನ ಟಿ.ವಿ.ಯಲ್ಲಿ ‘ಅನುರಾಗ ಅರಳಿತು’ ಹಾಕಿದ್ದರು. ಊಟ ಮುಗಿಸಿ, ಹಪ್ಪಳದ ಹಿಟ್ಟಿನ ಉಂಡೆಗಳನ್ನು ಮುಂದಿಟ್ಟುಕೊಂಡು, ಲಟ್ಟಿಸುತ್ತಲೇ ನೋಡಲು ಕುಳಿತೆ. ರಜಕ್ಕೆ ಚನ್ನಗಿರಿಗೆ ಬಂದಿದ್ದ ಮಗಳು ಪಕ್ಕದಲ್ಲಿ ಕಾಲು ಚಾಚಿಕೊಂಡಿದ್ದಳು. ನನಗೆ ಅದು ಎಷ್ಟನೆಯ ಸಲವೋ. ಎಲ್ಲೆಲ್ಲಿ ನಗಬೇಕೆಂಬುದು ಗೊತ್ತಿದ್ದುದರಿಂದ ನಗು ಒಂದು ಕ್ಷಣ ಮುಂಚೆಯೇ ಬಂದುಬಿಡುತ್ತಿತ್ತು. ಕೊನೆಗೆ ಮಾಧವಿಯ ಸೊಕ್ಕು ಇಳಿದು ಗಂಡ ಹೆಂಡತಿ ಒಂದಾದಾಗ ಸೆರಗಿನಿಂದ ಕಣ್ಣೊರೆಸಿಕೊಂಡೆ. ಮಗಳು ಮಾತ್ರ ಒಂದು ಸಲವೂ ನಗಲಿಲ್ಲ.

“ಅಮ್ಮಾ, ಇನ್ಮೇಲೆ ಆ ಫ್ಯಾಕ್ಟರಿ ಯಾರು ನೋಡ್ಕೊಳ್ತಾರೆ?” ಎಂದಳು.

“ಸಿನಿಮಾನೇ ಮುಗೀತು, ಇನ್ನೆಲ್ಲಿಯ ಫ್ಯಾಕ್ಟರಿ?” ಎಂದು ಮಾತು ಹಾರಿಸಿದೆ. ಆದರೆ ಲಟ್ಟಣಿಗೆ ಕೈಯಲ್ಲೇ ನಿಂತಿತು. ನನಗೆ ನ್ಯಾಮತಿಯ ಗಿರಣಿ ನೆನಪಾಗಿತ್ತು.

ಆ ಸಿನಿಮಾ ಬಂದದ್ದು 1986ರಲ್ಲಿ. ಹೊನ್ನಾಳಿಯ ಟಾಕೀಸಿನಲ್ಲಿ ಅತ್ತೆ, ಚಿಕ್ಕಮ್ಮಂದಿರ ನಡುವೆ ಕೂತು ಮೊದಲ ಸಲ ನೋಡಿದ್ದೆ. ಕಥೆ ನಿಮಗೆಲ್ಲ ಗೊತ್ತಿರುವುದೇ. ಮಾಧವಿ ದೊಡ್ಡ ಉದ್ಯಮದ ಒಡತಿ. ರಾಜ್‌ಕುಮಾರ್ ಅವಳ ಕೈಕೆಳಗಿನ ಕೆಲಸಗಾರ. ಅವನನ್ನು ಬಗ್ಗಿಸಬೇಕೆಂಬ ಹಟದಿಂದಲೇ ಅವಳು ಮದುವೆಯಾಗುತ್ತಾಳೆ. ಅವನು ಬಗ್ಗುವುದಿಲ್ಲ, ಕೊನೆಗೆ ಬಗ್ಗುವವಳು ಅವಳು. ನಡುವೆ ಗೀತಾ, ತಾಯಿಯಾಗಿ ಪಂಢರಿಬಾಯಿ, ಚಿ. ಉದಯಶಂಕರ್ ಅವರ ಮಾತಿನ ಚಟಾಕಿ. ಎಂ.ಎಸ್. ರಾಜಶೇಖರ್ ನಿರ್ದೇಶಿಸಿದ ಈ ಚಿತ್ರ ಎಷ್ಟು ಗೆದ್ದಿತೆಂದರೆ 1992ರಲ್ಲಿ ತಮಿಳಿಗೆ ‘ಮನ್ನನ್’ ಆಗಿ, ತೆಲುಗಿಗೆ ‘ಘರಾನಾ ಮೊಗುಡು’ ಆಗಿ, 1994ರಲ್ಲಿ ಹಿಂದಿಗೆ ‘ಲಾಡ್ಲಾ’ ಆಗಿ ಹೋಯಿತು. ನಾಲ್ಕು ಭಾಷೆಗಳ ಜನಕ್ಕೆ ಕುರ್ಚಿಯ ಮೇಲಿನ ಹೆಂಡತಿ ಕೆಳಗಿಳಿಯುವುದನ್ನು ನೋಡುವ ಆಸೆಯಿತ್ತು ಅಂತಾಯಿತು. ಇದನ್ನು ಗಂಡಸರ ತಲೆಗೆ ಕಟ್ಟಿ ಸುಮ್ಮನಾಗುವ ಹಾಗೂ ಇಲ್ಲ. ಮೂಲ ಕಾದಂಬರಿ ಎಚ್.ಜಿ. ರಾಧಾದೇವಿಯವರ ‘ಅನುರಾಗದ ಅಂತಃಪುರ’. ಬರೆದವರು ಹೆಂಗಸು, ಬಾಡಿಗೆ ಪುಸ್ತಕ ತಂದು ಓದಿದವರು ನಾವು, ಟಾಕೀಸಿನಲ್ಲಿ ಗಟ್ಟಿಯಾಗಿ ನಕ್ಕವರೂ ನಾವೇ.

ಇನ್ನು ಗಿರಣಿಯ ವಿಚಾರ. ಜಗಳೂರಿನ ಕಡೆ ಕೆಲವು ವರ್ಷ ಕೆಲಸ ಮಾಡಿದ ಮೇಲೆ ನನಗೆ ನ್ಯಾಮತಿಗೆ ವರ್ಗವಾಯಿತು. ಆಗ ನ್ಯಾಮತಿ ಇನ್ನೂ ಹೊನ್ನಾಳಿ ತಾಲ್ಲೂಕಿಗೇ ಸೇರಿತ್ತು. ನಮ್ಮ ಬೀದಿಯ ಕೊನೆಗೆ ಒಂದು ಗಿರಣಿ. ರಾಗಿ, ಜೋಳ, ಖಾರದಪುಡಿ, ಒಂದು ಕಡೆ ಭತ್ತ. ಅದರ ಒಡತಿಯನ್ನು ಊರೆಲ್ಲ ‘ಗಿರಣಿ ಅಕ್ಕ’ ಎನ್ನುತ್ತಿತ್ತು. ಅಪ್ಪನಿಗೆ ಒಬ್ಬಳೇ ಮಗಳು, ಕಾಗದ ಪತ್ರವೆಲ್ಲ ಅವಳ ಹೆಸರಿಗೇ ಇತ್ತು. ಗಂಡ ಮನೆಯಳಿಯನಾಗಿ ಬಂದವರು. ಮೋಟಾರು, ಬೆಲ್ಟು, ಕಲ್ಲು ಎಲ್ಲ ಅವರ ಕೈಕೆಲಸ, ಗಲ್ಲಾಪೆಟ್ಟಿಗೆ ಇವಳದು.

ಅವರ ಜಗಳವೋ, ಡಬ್ಬ ಹಿಡಿದು ಸರದಿಯಲ್ಲಿ ನಿಂತ ನಮಗೆಲ್ಲ ಪುಕ್ಕಟೆ ನಾಟಕ. ಮಾತು ಬಿಟ್ಟ ದಿನ ಗಂಡ ಹಿಟ್ಟು ಹಿಡಿಯುವ ಹುಡುಗನ ಮೂಲಕವೇ ಮಾತಾಡುತ್ತಿದ್ದರು. “ಲೇ, ನಿಮ್ಮ ಓನರಿಗೆ ಹೇಳು, ಬೆಲ್ಟು ಹರಿಯೋ ಹಂಗೈತೆ.” ನಾಲ್ಕು ಮಾರು ದೂರದಲ್ಲಿದ್ದ ಓನರು ಅಷ್ಟೇ ಗಟ್ಟಿಯಾಗಿ, “ಲೇ, ಮಿಸ್ತ್ರಿಗೆ ಹೇಳು, ನಾಳೆ ತರಿಸ್ತೀನಿ ಅಂತ.” ಆ ಹುಡುಗ ಎರಡೂ ಕಡೆ ಮುಖ ತಿರುಗಿಸಿ ತಿರುಗಿಸಿ, ಮೈಯೆಲ್ಲ ಹಿಟ್ಟಾಗಿ, ನಗುವನ್ನು ತಡೆಯಲಾರದೆ ಕೆಮ್ಮುತ್ತಿದ್ದ. ಒಂದು ತಿಂಗಳು ಗಂಡ ತನಗೂ ಸಂಬಳ ಕೊಡಬೇಕೆಂದು ಪಟ್ಟು ಹಿಡಿದರು. ಅವಳು ಹುಡುಗನ ಸಂಬಳದ ಜೊತೆಗೆ ಅವರದನ್ನೂ ಎಣಿಸಿ ಮುಂದಿಟ್ಟಳು. ಆ ರಾತ್ರಿ ಅವರು ಊಟ ಮಾಡಲಿಲ್ಲವಂತೆ.

ಮೋಟಾರಿನ ಬಿಡಿಭಾಗ ಮಾರುವವನು ಬಂದು “ಯಜಮಾನರು ಎಲ್ಲಮ್ಮಾ?” ಎಂದರೆ “ನಾನೇ” ಎನ್ನುತ್ತಿದ್ದಳು. ಅವನು ನಕ್ಕು, “ಅಲ್ಲಮ್ಮಾ, ನಿಮ್ಮ ಯಜಮಾನರು” ಎನ್ನುತ್ತಿದ್ದ. ಆಗ ನಾವೂ ನಕ್ಕೆವು. ಈಗ ಯೋಚಿಸಿದರೆ ತೊಡಕೆಲ್ಲ ಆ ಒಂದು ಪದದಲ್ಲೇ ಇತ್ತು. ನಮ್ಮ ಮಾತಿನಲ್ಲಿ ಅಂಗಡಿಯ ಒಡೆಯನೂ ಯಜಮಾನ, ತಾಳಿ ಕಟ್ಟಿದವನೂ ಯಜಮಾನ. ಒಂದೇ ಪದಕ್ಕೆ ಇಬ್ಬರು ಹಕ್ಕುದಾರರಾದಾಗ ಜಗಳವಾಗದೆ ಇನ್ನೇನಾದೀತು? ಮೂಲದಲ್ಲಿ ಯಜಮಾನನೆಂದರೆ ಯಜ್ಞ ಮಾಡಿಸುವವನು. ಅವನಾದರೂ ಹೆಂಡತಿ ಪಕ್ಕದಲ್ಲಿಲ್ಲದೆ ಆ ಮಣೆಯ ಮೇಲೆ ಕೂರುವಂತಿರಲಿಲ್ಲ. ಸೀತೆಯನ್ನು ಕಾಡಿಗೆ ಕಳಿಸಿದ ರಾಮ ಅಶ್ವಮೇಧಕ್ಕೆ ಚಿನ್ನದ ಸೀತೆಯನ್ನಾದರೂ ಮಾಡಿಸಬೇಕಾಯಿತು. ಯಜ್ಞ ಹೋಗಿ ಗಲ್ಲಾಪೆಟ್ಟಿಗೆ ಬಂದಾಗ ಪಕ್ಕದ ಮಣೆ ಎಲ್ಲಿ ಹೋಯಿತೋ ಕಾಣೆ.

ಒಂದು ಸಂಜೆ ಗಿರಣಿ ಅಕ್ಕ ನಮ್ಮ ಮನೆಗೆ ಬಂದು ಅತ್ತಳು. “ಮನೆಯಳಿಯ ಅಂತ ಯಾರೋ ಆಡಿಕೊಂಡರಂತೆ ಟೀಚರ್. ನಾಲ್ಕು ದಿನದಿಂದ ಜಗುಲಿ ಮೇಲೆ ಮಲಗ್ತಾರೆ. ಏನ್ ಮಾಡ್ಲಿ?” ನಾನು ಬಿ.ಎ., ಬಿ.ಇಡಿ. ಮಾಡಿದವಳು, ನಾಲ್ಕು ಜನಕ್ಕೆ ಬುದ್ಧಿ ಹೇಳಿ ಅಭ್ಯಾಸವಾದವಳು. ಹೆಚ್ಚು ಯೋಚಿಸದೆ, “ಬೀಗದ ಕೈ ಅವರಿಗೇ ಕೊಟ್ಟುಬಿಡಿ. ದುಡ್ಡು ಎಲ್ಲಿ ಹೋಗುತ್ತೆ? ಮನೆ ನೆಮ್ಮದಿ ಮುಖ್ಯ” ಎಂದುಬಿಟ್ಟೆ. ಅವಳು ಕೊಟ್ಟಳು. ಗಿರಣಿಯ ನಾಟಕ ಅಂದಿಗೆ ನಿಂತಿತು. ನಾವೆಲ್ಲ ಸುಮ್ಮನೆ ಹಿಟ್ಟು ಮಾಡಿಸಿಕೊಂಡು ಬರತೊಡಗಿದೆವು. ಗಂಡನ ಮೇಲೆ ಸುಳ್ಳು ಹೇಳಬಾರದು. ಅವರು ಕುಡಿಯಲಿಲ್ಲ, ಕಳೆಯಲಿಲ್ಲ. ಹೊಸ ಮೋಟಾರು ಹಾಕಿಸಿದರು, ಗಿರಣಿ ಮೊದಲಿಗಿಂತ ಚೆನ್ನಾಗಿಯೇ ನಡೆಯಿತು.

ಎರಡು ವರ್ಷದ ನಂತರ ಅವಳು ಹಿತ್ತಲ ಬಾಗಿಲಿಂದ ಬಂದು ಐನೂರು ರೂಪಾಯಿ ಕೈಗಡ ಕೇಳಿದಳು. ಮಗಳ ಶಾಲೆಯ ಪ್ರವಾಸಕ್ಕೆ. “ಅವರನ್ನ ಕೇಳಬಹುದಲ್ಲ?” ಎಂದೆ. “ಕೇಳಿದ್ರೆ ಕೊಡ್ತಾರೆ ಟೀಚರ್. ಯಾಕೆ ಅಂತ ಕೇಳ್ತಾರೆ” ಎಂದಳು. ಮೂರು ತಿಂಗಳಿಗೆ ದುಡ್ಡು ವಾಪಸು ಬಂತು, ಎಲ್ಲ ಹತ್ತರ ನೋಟುಗಳು, ಸೆರಗಿನ ತುದಿಯ ಗಂಟಿನಲ್ಲಿ. ಬಿಚ್ಚಿದರೆ ಖಾರದಪುಡಿಯ ಘಾಟಿಗೆ ಇಬ್ಬರೂ ಸೀನಿದೆವು. “ತೌಡು ಮಾರಿದ್ದು. ಅವರಿಗೆ ಗೊತ್ತಿಲ್ಲ” ಎಂದು ಮೆಲ್ಲಗೆ ಹೇಳಿದಳು.

ತನ್ನ ಅಪ್ಪ ಕಟ್ಟಿದ, ತನ್ನ ಹೆಸರಿನ ಗಿರಣಿಯಲ್ಲಿ ಅವಳು ತೌಡು ಕದ್ದಿದ್ದಳು. ಹಾಗೆ ಮಾಡಿಸಿದ್ದು ಗಂಡನೋ, ನಾನೋ?

ನಾನು ಆ ಸಲಹೆಯನ್ನು ಎಲ್ಲಿಂದ ತಂದೆ ಎಂದು ಹುಡುಕಿದರೆ ಸಿನಿಮಾದಷ್ಟು ದೂರ ಹೋಗಬೇಕಾಗಿಲ್ಲ. ನನ್ನ ಸಂಬಳದ ಪಾಸ್‌ಬುಕ್ಕು ಬಹಳ ವರ್ಷ ನಮ್ಮ ಯಜಮಾನರ ಬೀರುವಿನಲ್ಲಿತ್ತು. ಅವರು ಕಸಿದುಕೊಂಡದ್ದಲ್ಲ, ನಾನೇ ಒಪ್ಪಿಸಿದ್ದೆ. ಒಪ್ಪಿಸಿದ್ದಕ್ಕೆ ನಮ್ಮತ್ತೆ ನಾಲ್ಕು ಜನರೆದುರು ಹೊಗಳಿದ್ದರು. ನಾನು ತೆತ್ತ ಬೆಲೆಯನ್ನೇ ಜಾಣತನವೆಂದು ಅವಳಿಗೂ ದಾಟಿಸಿದ್ದೆ ಅಷ್ಟೇ. ಒಬ್ಬಳು ಬಗ್ಗಿದರೆ ಮನೆ ತಣ್ಣಗಾಗುತ್ತದೆ ಎನ್ನುವುದು ಸುಳ್ಳಲ್ಲ. ಆದರೆ ಮನೆ ತಣ್ಣಗಿರುವುದೇ ನ್ಯಾಯವೇ? ಇನ್ನೊಂದು ಕಡೆಯನ್ನೂ ಹೇಳಬೇಕು. ಜಗುಲಿಯ ಮೇಲೆ ಮಲಗಿದ ಆ ಗಂಡಸಿನ ನೋವೂ ನಿಜವೇ. ಹುಡುಗನ ಪಕ್ಕ ನಿಂತು ಸಂಬಳ ಎಣಿಸಿಕೊಂಡವರಿಗೆ ಅವಮಾನವಾಗಿರಲಿಲ್ಲವೇ? ಅದಕ್ಕೆ ನಾವು ನಕ್ಕದ್ದೂ ತಪ್ಪೇ. ಇಬ್ಬರಲ್ಲಿ ಒಬ್ಬರು ಅವಮಾನ ಉಣ್ಣಲೇಬೇಕು ಎಂದು ಲೆಕ್ಕ ಹಾಕಿ, ಉಂಡು ಅಭ್ಯಾಸವಿದ್ದವಳಿಗೇ ನಾನು ಬಡಿಸಿದೆ.

ಜಗಳೂರಿನಲ್ಲಿ ನಾನಿದ್ದ ಓಣಿಯ ಕೂಲಿಯವರು ಶೇಂಗಾ ಕೀಳಲು ಗಂಡ ಹೆಂಡತಿ ಜೊತೆಗೇ ಹೋಗುತ್ತಿದ್ದರು. ಸಂಜೆ ದುಡ್ಡಿಗೆ ಜಗಳವೂ ಆಗುತ್ತಿತ್ತು, ಅಲ್ಲಿ ಹೊಡೆತವೂ ಇತ್ತು, ಅದನ್ನು ಚಂದ ಮಾಡಿ ಹೇಳಲಾರೆ. ನನಗೆ ಮನಸ್ಸು ಹೋಗುವುದು ಆಯ್ದಕ್ಕಿ ಲಕ್ಕಮ್ಮನ ಕಡೆಗೆ. ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕ ಗಂಡ ಮಾರಯ್ಯನದು. ಒಂದು ದಿನ ಹೆಚ್ಚಿಗೆ ತಂದದ್ದನ್ನು ಅಲ್ಲಿಯೇ ಸುರಿದು ಬಾ ಎಂದವಳು ಲಕ್ಕಮ್ಮ. ಅವನು ಹೋಗಿ ಸುರಿದು ಬಂದ. ಅವನು ಸೋತ ಎಂದು ಯಾರೂ ನಗಲಿಲ್ಲ, ಅವಳಿಗೆ ಸೊಕ್ಕು ಎಂದೂ ಯಾರೂ ಅನ್ನಲಿಲ್ಲ. ಅಂಥ ಮನೆಯನ್ನು ಗಿರಣಿ ಅಕ್ಕನಿಗೆ ನಾನು ತೋರಿಸಬಹುದಿತ್ತು. ಒಂದು ಗಲ್ಲಾಕ್ಕೆ ಎರಡು ಬೀಗದ ಕೈ ಮಾಡಿಸಿ ಎನ್ನಬಹುದಿತ್ತು. ಎಂಟು ಹತ್ತು ರೂಪಾಯಿಯ ಕೆಲಸ. ನನಗೆ ಅಂದು ಹೊಳೆಯಲಿಲ್ಲ.

ಸಿನಿಮಾ ನೋಡಿದ ಮರುವಾರ ಮಗಳನ್ನೂ ಕರೆದುಕೊಂಡು ನ್ಯಾಮತಿಗೆ ಹೋದೆ. ಗಿರಣಿಯ ಗೋಡೆಗೆ ಸುಣ್ಣ ಹೊಡೆದಿತ್ತು. ಗಂಡ ಗಲ್ಲಾದ ಮೇಲಿದ್ದರು, ಕೂದಲು ಪೂರ್ತಿ ನೆರೆತಿತ್ತು. ಎದ್ದು ನಿಂತು ಕೈಮುಗಿದು ಟೀ ತರಿಸಿದರು. ಅಕ್ಕ ಒಳಗೆ ಜರಡಿ ಹಿಡಿದಿದ್ದಳು. ನನ್ನನ್ನು ನೋಡಿ ಎರಡೂ ಕೈ ಹಿಡಿದುಕೊಂಡು, “ಅವತ್ತು ನೀವು ಹೇಳಿದ್ದರಿಂದ ಸಂಸಾರ ಉಳೀತು ಟೀಚರ್” ಎಂದಳು. ತಪ್ಪು ಹೇಳಿದ್ದೆ ಎನ್ನಲು ಬಂದಿದ್ದವಳು ನಾನು. ಗಿರಣಿಯ ಸದ್ದು ಜೋರಾಗಿತ್ತು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಹೊರಡುವಾಗ ಅಕ್ಕ ಒಂದು ಪೊಟ್ಟಣ ಖಾರದಪುಡಿ ತಂದು, ಗಲ್ಲಾದ ಕಡೆ ಒಮ್ಮೆ ನೋಡಿ, ನನ್ನ ಚೀಲದ ತಳಕ್ಕೆ ತುರುಕಿದಳು.