ಪಟ್ಟಿಯಲ್ಲಿ ಬಾರದ ಹೆಸರು

ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ ಮುಗಿಸಿದ ಮೇಲೆ, ಹೆಸರು ಬಾರದವರ ಬಾಯಲ್ಲಿ ಬರುವ ಮಾತು ಬಹುಮಟ್ಟಿಗೆ ಒಂದೇ: 'ನಮ್ಮ ಹಣೇಲಿ ಬರೆದಿಲ್ಲ.' ಪಂಚಾಯಿತಿಗೆ ಬಂದ ಮನೆಗಳು ಕಡಿಮೆ, ಕೇಳುವವರು ಹೆಚ್ಚು, ಯಾರಿಗಾದರೂ ತಪ್ಪಲೇಬೇಕು. ತಪ್ಪಿದ್ದನ್ನು ಮಳೆ ಕೈಕೊಟ್ಟಂತೆ ವಿಧಿಯ ಲೆಕ್ಕಕ್ಕೆ ಹಾಕಿ ಸುಮ್ಮನಾಗುವುದು ನಮ್ಮ ಬಡವರು ತಲೆಮಾರುಗಳಿಂದ ಕಲಿತ ಬದುಕುವ ದಾರಿ. ಆ ಮಾತನ್ನು ಹಗುರವಾಗಿ ಕಾಣಬಾರದು. ಒಳಗಿನ ಸಂಕಟವನ್ನು ನುಂಗಿಕೊಂಡು ಮರುದಿನ ಕೂಲಿಗೆ ಹೊರಡುವ ಬಲ ಅದರಲ್ಲಿದೆ. ಆದರೆ ಅದೇ ಮಾತು ಪಟ್ಟಿ ಮಾಡಿದವರ ಬಾಯಲ್ಲಿ ಬಂದರೆ ಅದರ ಅರ್ಥವೇ ಬೇರೆ. 'ಅವರಿಗೆ ಯೋಗ ಇರಲಿಲ್ಲ' ಎಂದು ಸದಸ್ಯರೋ ಅಧಿಕಾರಿಯೋ ಹೇಳಿದರೆ, ತಮ್ಮ ಕೈಯಾರೆ ಮಾಡಿದ್ದನ್ನು ದೇವರ ಮೇಲೆ ಹೊರಿಸಿದಂತಾಯಿತು. ಮನೆ ಸಿಗದವನಿಗೆ ಈ ವ್ಯವಸ್ಥೆ ಕೊಡಬೇಕಾದದ್ದು ಏನಾದರೂ ಉಳಿದಿದೆಯೇ? ಎರಡು ಉಳಿದಿವೆ ಎಂಬುದು ನನ್ನ ವಾದ: ಯಾಕೆ ಸಿಗಲಿಲ್ಲ ಎಂಬ ಕಾರಣ, ಮುಂದಿನ ಸರದಿಯಲ್ಲಿ ಒಂದು ಜಾಗ. ಇವೆರಡನ್ನೂ ಕೊಡದ ಪಟ್ಟಿ ಕೆಲವರ ತೀರ್ಮಾನವನ್ನು ಬೇರೆಯವರ ಹಣೆಬರಹವಾಗಿ ಮಾಡಿಬಿಡುತ್ತದೆ. ಅದನ್ನು ಆಡಳಿತದ ಲೋಪ ಎಂದು ಕರೆದರೆ ಸಾಲದು, ಅದು ಅಧರ್ಮ.

ಕರ್ಮಸಿದ್ಧಾಂತವನ್ನು ಮನಸಾರೆ ನಂಬುವವರೇ ಇದನ್ನು ಮೊದಲು ಒಪ್ಪಬೇಕು. ಮಾಡಿದವನು ಉಣ್ಣಬೇಕು ಎಂಬುದು ಆ ಸಿದ್ಧಾಂತದ ತಿರುಳು. ಒಬ್ಬ ಮಾಡಿದ್ದನ್ನು ಇನ್ನೊಬ್ಬ ಉಣ್ಣಲಿ ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ಸಂಯುತ್ತ ನಿಕಾಯದಲ್ಲಿ ಮೋಳಿಯ ಸೀವಕನೆಂಬ ಪರಿವ್ರಾಜಕ ಬುದ್ಧನ ಬಳಿ ಬರುತ್ತಾನೆ. ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದಿನ ಕರ್ಮದಿಂದಲೇ ಎನ್ನುವವರಿದ್ದಾರೆ, ತಾವೇನು ಹೇಳುತ್ತೀರಿ ಎಂದು ಕೇಳುತ್ತಾನೆ. ಬುದ್ಧ ಅದನ್ನು ಒಪ್ಪುವುದಿಲ್ಲ. ಪಿತ್ತ, ಕಫ, ವಾತ, ಋತುವಿನ ಏರುಪೇರು, ಹೊರಗಿನಿಂದ ಬಿದ್ದ ಪೆಟ್ಟು ಎಂದು ನೋವಿನ ಕಾರಣಗಳನ್ನು ಒಂದೊಂದಾಗಿ ಹೇಳಿ, ಕರ್ಮವನ್ನು ಅವುಗಳ ನಡುವೆ ಒಂದಾಗಿ ಇಡುತ್ತಾನೆ. ಕಣ್ಣಿಗೆ ಕಾಣುವ ಕಾರಣವನ್ನು ಬಿಟ್ಟು ಕಾಣದ ಕಾರಣಕ್ಕೆ ಕೈಹಾಕುವವರು ತಾವು ಅರಿತದ್ದನ್ನೂ ಲೋಕ ಅರಿತದ್ದನ್ನೂ ಮೀರಿ ಮಾತನಾಡುತ್ತಿದ್ದಾರೆ ಎಂಬುದು ಅವನ ಆಕ್ಷೇಪ. ಈ ಮಾತು ವಸತಿ ಪಟ್ಟಿಗೆ ನೇರವಾಗಿ ಹೊಂದುತ್ತದೆ, ಏಕೆಂದರೆ ಅಲ್ಲಿ ಕಾರಣಗಳೆಲ್ಲ ಕಣ್ಣೆದುರಿಗೇ ಇವೆ.

2016ರಲ್ಲಿ ಇಂದಿರಾ ಆವಾಸ್ ಯೋಜನೆಯ ಜಾಗದಲ್ಲಿ ಬಂದ ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಭಾಗವನ್ನು ನೋಡಿ. 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯ ಆಧಾರದ ಮೇಲೆ ಮನೆಯೇ ಇಲ್ಲದವರು ಮೊದಲು, ಆಮೇಲೆ ಕಚ್ಚಾ ಗೋಡೆ, ಕಚ್ಚಾ ಛಾವಣಿಯ ಒಂದು ಕೋಣೆಯವರು, ಎರಡು ಕೋಣೆಯವರು ಎಂದು ಸರದಿ ಮಾಡಲಾಯಿತು. ಅದರ ಜೊತೆಗೆ, ಇಂಥಿಂಥದ್ದು ಇದ್ದರೆ ಹೆಸರು ತಾನಾಗಿಯೇ ಹೊರಗೆ ಎಂಬ 13 ಷರತ್ತುಗಳೂ ಇದ್ದವು. ಮನೆಯಲ್ಲಿ ದ್ವಿಚಕ್ರ ವಾಹನ ಇರಬಾರದು, ಫ್ರಿಜ್ ಇರಬಾರದು, ಸ್ಥಿರ ದೂರವಾಣಿ ಇರಬಾರದು, ಮನೆಯ ಒಬ್ಬರ ಆದಾಯ ಕೂಡ ತಿಂಗಳಿಗೆ 10,000 ರೂಪಾಯಿ ದಾಟಬಾರದು. 2024ರಲ್ಲಿ ಯೋಜನೆಯನ್ನು ಮುಂದುವರಿಸುವಾಗ ಕೇಂದ್ರ ಸರ್ಕಾರವೇ ದ್ವಿಚಕ್ರ ವಾಹನ, ಫ್ರಿಜ್, ದೂರವಾಣಿಗಳ ಷರತ್ತನ್ನು ಕೈಬಿಟ್ಟು, ಆದಾಯದ ಮಿತಿಯನ್ನು 15,000ಕ್ಕೆ ಏರಿಸಿತು. ಒಳ್ಳೆಯ ತಿದ್ದುಪಡಿ. ಆದರೆ ನಡುವಿನ ಎಂಟು ವರ್ಷ ತರಕಾರಿ ಮಾರಲೆಂದು ಹಳೆಯ ಮೊಪೆಡ್ ಇಟ್ಟುಕೊಂಡದ್ದಕ್ಕೆ ಹೊರಗುಳಿದವನ ಪಾಡೇನು? ಅವನ ಹಣೆಯಲ್ಲಿ 2016ರಲ್ಲಿ ಒಂದು ಬರೆದಿತ್ತು, 2024ರಲ್ಲಿ ಇನ್ನೊಂದು ಬರೆಯಿತು ಎನ್ನಲಾದೀತೇ? ಬರೆದವರು ಕಚೇರಿಯಲ್ಲಿ ಕುಳಿತ ಮನುಷ್ಯರು. ತಮ್ಮ ಅಳತೆ ತಪ್ಪಿತ್ತೆಂದು ಅವರೇ ಕಂಡುಕೊಂಡು ತಿದ್ದಿದರು. ತಿದ್ದಬಹುದಾದ ಯಾವುದೂ ವಿಧಿಯಲ್ಲ.

ಇಷ್ಟಾದರೂ ಕೊಡುವವರ ಮನಸ್ಸಿನಲ್ಲಿ ಇನ್ನೊಂದು ಭಾವನೆ ಗಟ್ಟಿಯಾಗಿ ಕೂತಿರುತ್ತದೆ: ಮನೆ ಸರ್ಕಾರ ಕೊಡುವ ದಾನ, ದಾನ ಪಡೆಯುವವರು ಕಾರಣ ಕೇಳಬಾರದು. ನಮ್ಮ ದಾನದ ಚಿಂತನೆಯಲ್ಲಿ ಇದಕ್ಕೆ ಆಸರೆಯೂ ಇದೆ. ಗೀತೆಯ ಹದಿನೇಳನೆಯ ಅಧ್ಯಾಯ ದೇಶ, ಕಾಲಗಳ ಜೊತೆಗೆ ಪಡೆಯುವವನ ಪಾತ್ರತೆಯನ್ನೂ ಸಾತ್ವಿಕ ದಾನದ ಲಕ್ಷಣವಾಗಿ ಹೇಳುತ್ತದೆ. ದಾನ ಸ್ವಂತ ಗಳಿಕೆಯದಾದರೆ ಈ ವಿವೇಚನೆ ಸರಿಯೇ. ಆದರೆ ಪಂಚಾಯಿತಿಯ ಮೇಜಿನ ಮೇಲಿರುವ ಹಣ ಅಲ್ಲಿ ಕುಳಿತ ಯಾರ ಸ್ವಂತದ್ದೂ ಅಲ್ಲ. ಇಲ್ಲಿ ನಮಗೆ ಬೇಕಾದ ವಿಚಾರ ಕಲ್ಯಾಣದಲ್ಲಿದೆ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ರಾಜ್ಯದ ಬೊಕ್ಕಸವನ್ನು ಹತ್ತಿರದಿಂದ ಕಂಡವರು. ಅವರೂ ಅವರ ಸಂಗಡಿಗರೂ ಬಾಳಿ ತೋರಿಸಿದ ದಾಸೋಹದಲ್ಲಿ ಕೊಡುವವನು ಒಡೆಯನಲ್ಲ. ಯಾರದೋ ವಸ್ತುವನ್ನು ಅವರಿಗೇ ತಲುಪಿಸುವ ಸೇವಕ. ಜೈನ ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವೂ ಆಹಾರ, ಔಷಧ, ಉಪಕರಣಗಳ ಜೊತೆಗೆ ಆವಾಸವನ್ನು ಕೊಡುವುದನ್ನು ಸೇವೆಯ ಬಗೆಯಾಗಿಯೇ ಎಣಿಸುತ್ತದೆ. ಅಲ್ಲಿ ಮಾತು ಮನೆಯನ್ನು ತಾವಾಗಿ ತೊರೆದ ಮುನಿಗಳದ್ದು, ನಿಜ. ತೊರೆದವರಿಗೇ ಸೂರು ಸೇವೆಯಾಗಿ ಸಲ್ಲಬೇಕಾದರೆ, ಮನೆಯನ್ನು ಎಂದೂ ಕಾಣದವರಿಗೆ ಅದು ಕೃಪೆಯಾಗುವುದು ಹೇಗೆ? ಕರ್ನಾಟಕ ತನ್ನ ಗ್ರಾಮೀಣ ವಸತಿ ಯೋಜನೆಗೆ ಬಸವಣ್ಣನವರ ಹೆಸರಿಟ್ಟಿದೆ. ಆ ಹೆಸರು ಇಟ್ಟ ಮೇಲೆ ಫಲಾನುಭವಿಯ ಎದುರು ಒಡೆತನದ ಗತ್ತು ಇರಕೂಡದು.

ಇದಕ್ಕೆ ಬರುವ ಬಲವಾದ ಆಕ್ಷೇಪ ಬೇರೆಯದು. ಮನೆಗಳೇ ಇಲ್ಲದಿರುವಾಗ ಕಾರಣ ಹೇಳಿದರೆ ಏನು ಬಂತು, ಕಾರಣದ ಕೆಳಗೆ ಯಾರೂ ಮಲಗಲಾರರು ಎನ್ನುತ್ತಾರೆ. ಮುಂಬೈಯ ಪಾದಚಾರಿ ಮಾರ್ಗದ ನಿವಾಸಿಗಳ ಮೊಕದ್ದಮೆಯಲ್ಲಿ, ಓಲ್ಗಾ ಟೆಲ್ಲಿಸ್ ಪ್ರಕರಣ ಎಂದು ಹೆಸರಾದ 1985ರ ತೀರ್ಪಿನಲ್ಲಿ, ಸುಪ್ರೀಂ ಕೋರ್ಟ್ ಇದಕ್ಕೆ ಹತ್ತಿರದ ಪ್ರಶ್ನೆಯನ್ನೇ ಎದುರಿಸಿತು. ನ್ಯಾಯಾಲಯ ಕೊನೆಗೆ ತೆರವನ್ನು ತಡೆಯಲಿಲ್ಲ, ಮಳೆಗಾಲ ಕಳೆಯುವವರೆಗೆ ಮುಂದೂಡಿತು ಅಷ್ಟೆ. ಆದರೂ ತೆರವಿಗೆ ಮೊದಲು ಅವರ ಅಹವಾಲು ಕೇಳಬೇಕು, ಕೇಳಿದರೆ ಫಲಿತಾಂಶ ಬದಲಾಗಲಿ ಬಿಡಲಿ, ಕೇಳುವುದಕ್ಕೆ ತನ್ನದೇ ಬೆಲೆಯಿದೆ ಎಂಬ ವಿಚಾರವನ್ನು ಅದು ಎತ್ತಿಹಿಡಿಯಿತು. ಕಾರಣ ಕೇಳಿದವನು ಇಲ್ಲಿ ಎಣಿಕೆಯ ಒಂದು ಸಂಖ್ಯೆಯಾಗಿ ಉಳಿಯುವುದಿಲ್ಲ. ವಾದಿಸಬಲ್ಲ, ತಿದ್ದಬಲ್ಲ, ಮೇಲ್ಮನವಿ ಹಾಕಬಲ್ಲ ಮನುಷ್ಯನಾಗುತ್ತಾನೆ.

ಹಾಗಾದರೆ ಚೀಟಿ ಎತ್ತಿಬಿಡಿ, ಯಾರ ಶಿಫಾರಸೂ ಇಲ್ಲ, ಲಂಚವೂ ಇಲ್ಲ ಎಂಬ ಮಾತಿದೆ. ಇದರಲ್ಲಿ ಹುರುಳಿದೆ. ಒಂದು ವಸ್ತುವಿಗೆ ಹಲವರ ಹಕ್ಕು ಸಮಾನವಾಗಿದ್ದಾಗ, ಎಲ್ಲರಿಗೂ ಸಮಾನ ಅವಕಾಶ ಕೊಡುವ ಲಾಟರಿ ಪ್ರತಿಯೊಬ್ಬರ ಹಕ್ಕಿಗೂ ಒಂದಷ್ಟು ಮನ್ನಣೆ ಸಲ್ಲಿಸುತ್ತದೆ ಎಂದು ತತ್ವಜ್ಞಾನಿ ಜಾನ್ ಬ್ರೂಮ್ ವಾದಿಸಿದ್ದಾರೆ. ಒಂದೇ ಮಟ್ಟದ ಬಡತನದ ಹತ್ತು ಮನೆಗಳಿಗೆ ನಾಲ್ಕೇ ಮಂಜೂರಾದರೆ ಸದಸ್ಯರ ಮರ್ಜಿಗಿಂತ ಮಗುವಿನ ಕೈಯಲ್ಲಿ ಎತ್ತಿಸಿದ ಚೀಟಿ ಸಾವಿರ ಪಾಲು ಮೇಲು. ಆದರೆ ಹಕ್ಕುಗಳು ಸಮಾನವಲ್ಲದ ಕಡೆ ಚೀಟಿ ಕುರುಡು. ಗಂಡನಿಲ್ಲದೆ, ಅಂಗವಿಕಲ ಮಗನೊಂದಿಗೆ ಗುಡಿಸಲಲ್ಲಿರುವ ಹೆಣ್ಣುಮಗಳನ್ನೂ ಹೆಂಚಿನ ಮನೆ ಸೋರುತ್ತದೆ ಎನ್ನುವವರನ್ನೂ ಒಂದೇ ಡಬ್ಬಿಗೆ ಹಾಕಿ ಕುಲುಕುವುದು ನ್ಯಾಯವಲ್ಲ.

ಊರಿನ ಕಷ್ಟ ಊರಿಗೇ ಗೊತ್ತು, ನಿಯಮ ಬದಿಗಿಟ್ಟು ಗ್ರಾಮಸಭೆಯ ದಯೆಗೆ ಬಿಡಿ ಎನ್ನುವವರೂ ಇದ್ದಾರೆ. ದಯೆ ಬೇಕು. ಆದರೆ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯ ಸಂಕುಚಿತತೆಯನ್ನೂ ಕೋಮುಭಾವನೆಯನ್ನೂ ಅಂಬೇಡ್ಕರ್ ಎಷ್ಟು ಖಾರವಾಗಿ ಎತ್ತಿ ಹೇಳಿದರು ಎಂಬುದನ್ನು ಮರೆತು ಈ ಮಾತಾಡಲಾಗದು. ಯಾರ ಜಗಲಿಯ ಮೇಲೆ ಯಾರು ಕೂರಬಾರದು ಎಂದು ತಿಳಿದಿರುವ ಸಭೆಗೆ ಯಾರ ಕಷ್ಟ ಹೆಚ್ಚು ಎಂಬುದೂ ಅದೇ ಕಣ್ಣಿನಿಂದ ಕಾಣುವ ಅಪಾಯವಿದೆ. ಗ್ರಾಮಸಭೆ ಬೇಡವೆಂದಲ್ಲ, ಅದರ ಅರಿವು ದೊಡ್ಡದು. ಆ ಅರಿವು ನಡಾವಳಿಯಲ್ಲಿ ಕಾರಣವಾಗಿ ಬರೆಯಲ್ಪಟ್ಟರೆ ಮಾತ್ರ ಅದನ್ನು ಹೊರಗಿನವರು ಪರೀಕ್ಷಿಸಬಹುದು.

ಕಾರಣ ಹೇಳುವ ಕಟ್ಟುಪಾಡು ಇನ್ನೊಂದು ಉಪಕಾರವನ್ನೂ ಮಾಡುತ್ತದೆ: ನಿಯಮದ ಒಳಗೇ ಅಡಗಿದ ಅನ್ಯಾಯವನ್ನು ಹೊರಗೆಳೆಯುತ್ತದೆ. ನಮ್ಮ ಕಡತಗಳಲ್ಲಿ ವಸತಿರಹಿತರು ಬೇರೆ, ನಿವೇಶನರಹಿತರು ಬೇರೆ. ಮನೆ ಕಟ್ಟಲು ಹಣ ಸಿಗಬೇಕಾದರೆ ಮೊದಲು ಹಕ್ಕುಪತ್ರವಿರುವ ಜಾಗ ಬೇಕು. ಜಾಗವೂ ಇಲ್ಲದವನು, ಎಂದರೆ ಎಲ್ಲರಿಗಿಂತ ಬಡವನು, ಎಲ್ಲರಿಗಿಂತ ಹಿಂದೆ ನಿಲ್ಲುತ್ತಾನೆ. ಭೂಮಿಯಿಲ್ಲದ ಫಲಾನುಭವಿಗೆ ಜಾಗ ಒದಗಿಸುವ ಹೊಣೆ ರಾಜ್ಯದ್ದು ಎಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದಾದರೂ ಹೊಣೆ ಕಾಗದದಲ್ಲಿದ್ದರೆ ಜಾಗ ಸಿಕ್ಕಂತಾಗದು. ರಾಜ್ಯದ ಯೋಜನೆಗಳಲ್ಲಿ ತಳಪಾಯ, ಲಿಂಟಲ್, ಛಾವಣಿ ಎಂದು ಹಂತ ಹಂತಕ್ಕೆ ಜಿಪಿಎಸ್ ಫೋಟೊ ತೆಗೆದ ಮೇಲೆ ಬಿಲ್ ಆಗುತ್ತದೆ. ದುರುಪಯೋಗ ತಡೆಯಲು ಅದು ಒಳ್ಳೆಯ ಉಪಾಯವೇ. ಆದರೆ ತಳಪಾಯಕ್ಕೆ ಸುರಿಯಲು ಕೈಯಲ್ಲಿ ಕಾಸಿಲ್ಲದವನು ಬಡ್ಡಿಗೆ ಸಾಲ ತರಬೇಕು, ಇಲ್ಲವೇ ಗಡುವು ಮೀರಿ ಮನೆ ಬ್ಲಾಕ್ ಆಗುವುದನ್ನು ನೋಡುತ್ತ ಕೂರಬೇಕು. 'ಫಲಾನುಭವಿ ಆಸಕ್ತಿ ತೋರಲಿಲ್ಲ' ಎಂದು ಒಂದೇ ಸಾಲಿನಲ್ಲಿ ಮುಗಿಸುವ ಬದಲು 'ತಳಪಾಯ ಹಾಕಲು ಹಣವಿರಲಿಲ್ಲ' ಎಂದು ನೂರು ಹೆಸರುಗಳ ಮುಂದೆ ಬರೆಯಬೇಕಾಗಿ ಬಂದರೆ, ನಿಯಮವನ್ನು ತಿದ್ದದೆ ಯಾರೂ ಇರಲಾರರು.

ಒಬ್ಬ ಪಿಡಿಒಗೆ ನೀರು, ಬೀದಿದೀಪ, ಕಂದಾಯ, ಉದ್ಯೋಗ ಖಾತರಿ ಎಲ್ಲವೂ ಮೈಮೇಲಿರುವಾಗ ಇದೊಂದು ಹೊಸ ಹೊರೆ ಎಂಬುದು ಕೊನೆಯ ಆಕ್ಷೇಪ, ಪ್ರಾಮಾಣಿಕವಾದದ್ದೂ ಹೌದು. ಆದರೆ ಕೆಲಸದ ಅರ್ಧ ಈಗಾಗಲೇ ನಿಯಮದಲ್ಲಿದೆ: ಅನರ್ಹರೆಂದು ಹೆಸರು ತೆಗೆಯುವಾಗ ಗ್ರಾಮಸಭೆ ಕಾರಣ ದಾಖಲಿಸಬೇಕು, ಮೇಲ್ಮನವಿಗೆ ಸಮಿತಿ ಇರಬೇಕು ಎಂದು ಕೇಂದ್ರದ ಮಾರ್ಗಸೂಚಿಯಲ್ಲೇ ಇದೆ. ಉಳಿದ ಅರ್ಧ ಆ ಕಾರಣವನ್ನು ಪುಸ್ತಕದಿಂದ ಆ ಮನೆಯವರ ಕೈಗೆ ಮುಟ್ಟಿಸುವುದು: ಕನ್ನಡದಲ್ಲಿ ಒಂದು ಹಾಳೆ, ಅದರಲ್ಲಿ ಹೆಸರು, ಬಿಟ್ಟ ಕಾರಣ, ಸರದಿಯ ಸಂಖ್ಯೆ, ಯಾರಿಗೆ ಎಷ್ಟು ದಿನದೊಳಗೆ ಅರ್ಜಿ ಕೊಡಬಹುದು ಎಂಬ ವಿವರ. ಆಯ್ಕೆಯಾದವರ ಪಟ್ಟಿ ಓದಿದ ಸಭೆಯಲ್ಲಿಯೇ ಆಯ್ಕೆಯಾಗದವರ ಪಟ್ಟಿಯನ್ನೂ ಕಾರಣ ಸಮೇತ ಓದಬೇಕು. ಹೀಗೆ ಮಾಡಿದ ಪಂಚಾಯಿತಿಗೆ 2024ರಂಥ ತಿದ್ದುಪಡಿ ಮತ್ತೊಮ್ಮೆ ಬಂದಾಗ, ಮೊಪೆಡ್ಡಿನ ಕಾರಣಕ್ಕೆ ಹೊರಗುಳಿದವರು ಯಾರೆಂದು ಹುಡುಕಲು ಹೊಸದಾಗಿ ಮನೆಮನೆ ಸುತ್ತುವ ಅಗತ್ಯ ಬೀಳದು. ಅವರನ್ನು ಸರದಿಯ ಕೊನೆಗೆ ತಳ್ಳದೆ, ಕಾದ ವರ್ಷಗಳನ್ನು ಎಣಿಸಿ ಅವರ ಜಾಗದಲ್ಲಿಯೇ ನಿಲ್ಲಿಸಬಹುದು.