ಮಬ್ಬಿಲ್ಲದ ಪುಷ್ಯ

ಪುಷ್ಯಮಾಸದಲ್ಲಿ ಹಾಸನ ಜಿಲ್ಲೆಯ ಕಣಕಟ್ಟೆ ಕಡೆ ಬೆಳಗಾಗುವುದು ಎರಡು ಕಂತಿನಲ್ಲಿ. ಮೊದಲು ಮಂಜು, ತೆಂಗಿನ ಸುಳಿಯೂ ಕಾಣದಷ್ಟು ದಟ್ಟ. ಬಿಸಿಲೇರಿದರೆ ಅದು ಕರಗುತ್ತದೆ. ಆಮೇಲೂ ದೂರದ ಗುಡ್ಡಗಳ ಮೇಲೊಂದು ತೆಳು ನೀಲಿ ಪರದೆ ಉಳಿಯುತ್ತದೆ: ದೂಳು, ಒಲೆಹೊಗೆ, ತೇವ ಸೇರಿದ ಮಬ್ಬು. ನೆಲದ ಚಿತ್ರ ತೆಗೆಯುವ ಉಪಗ್ರಹಗಳು ಹೆಚ್ಚಾಗಿ ಬೆಳಗ್ಗೆ 10.30ರ ಆಸುಪಾಸು ಹಾಯುವುದರಿಂದ ಅವಕ್ಕೆ ಸಿಗುವುದು ಈ ಎರಡನೆಯ ಕಂತೇ.

ಗಾಳಿಯ ಅಣುಗಳು ಗಿಡ್ಡ ಅಲೆಯ ಬೆಳಕನ್ನು ಹೆಚ್ಚು ಚೆದುರಿಸುತ್ತವೆ. ಕಣ್ಣಿಗೆ ಕಾಣದ ಅವಕೆಂಪು, ಅಂದರೆ ಇನ್ಫ್ರಾರೆಡ್, ಚೆದುರುವುದಕ್ಕಿಂತ ನೀಲಿ ಸುಮಾರು 12 ಪಟ್ಟು ಹೆಚ್ಚು ಚೆದುರುತ್ತದೆ. 1988ರ ಮಾರ್ಚ್ 17ರಂದು ಹಾರಿದ ಭಾರತದ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎಗೆ ನೀಲಿ, ಹಸಿರು, ಕೆಂಪು, ಅವಕೆಂಪು ಎಂದು ನಾಲ್ಕು ಕಣ್ಣು. 1995ರ ಐಆರ್‌ಎಸ್-1ಸಿಯ ಲಿಸ್-3 ಕ್ಯಾಮೆರಾದಲ್ಲಿ ಹೀಗೆ ಹೆಚ್ಚು ಚೆದುರುವ ನೀಲಿಯೇ ಇಲ್ಲ.

ಮಬ್ಬು ಕಳೆಯುವವರ ಉಪಾಯ ಸರಳ. ಬಣ್ಣವನ್ನು ಕಾಣುವ ಬೆಳಕಿನಿಂದ, ಗೆರೆಯ ಮೊನಚನ್ನು ಕಡಿಮೆ ಚೆದುರುವ ಅವಕೆಂಪಿನಿಂದ ತೆಗೆದು ಬೆರೆಸುವುದು. ತೊಡಕಿರುವುದು ಪಾಲಿನಲ್ಲಿ. ಹಸಿರೆಲೆ ಅವಕೆಂಪನ್ನು ಧಾರಾಳವಾಗಿ ಹಿಂದಕ್ಕೆಸೆಯುತ್ತದೆ, ನೀರು ನುಂಗಿಬಿಡುತ್ತದೆ. ಬೆರಕೆ ಮಿತಿಮೀರಿದರೆ ತೋಟ ಸುಣ್ಣ ಬಳಿದಂತೆ, ಕೆರೆ ಮಸಿಗುಂಡಿಯಂತೆ. ಚಿತ್ರ ಚೂಪಾಗಿರುತ್ತದೆ ನಿಜ, ಆದರೆ ಅಂಥ ಊರನ್ನು ಯಾರೂ ಕಂಡಿರುವುದಿಲ್ಲ.

ದಟ್ಟ ಮಂಜಿನ ಮುಂದೆ ಈ ಆಟ ನಡೆಯದು. ಅದರ ಹನಿಗಳು ಕಾಣುವ ಬೆಳಕು, ಅವಕೆಂಪು ಎರಡರ ಅಲೆಗಳಿಗಿಂತಲೂ ದೊಡ್ಡವು; ಎರಡನ್ನೂ ಹೆಚ್ಚುಕಡಿಮೆ ಒಂದೇ ತೆರನಾಗಿ ಚೆದುರಿಸುತ್ತವೆ. ನಮ್ಮ ಹಾಸನದ ಇಸ್ರೋ ಕೇಂದ್ರವೇ ನಿಯಂತ್ರಿಸುವ ಇನ್‌ಸ್ಯಾಟ್ ಹವಾಮಾನ ಉಪಗ್ರಹಗಳ ಚಿತ್ರಗಳಲ್ಲಿ, ಅವಕೆಂಪಿನ ಎರಡು ಪಟ್ಟಿಗಳ ವ್ಯತ್ಯಾಸ ಹಿಡಿದು ರಾತ್ರಿಯ ಮಂಜು ಎಲ್ಲಿದೆಯೆಂದು ಗುರುತಿಸಬಹುದು. ಅದನ್ನು ಸರಿಸಿ ನೆಲ ನೋಡಲಾಗದು.

ಒಮ್ಮೆ ದೊಡ್ಡಪ್ಪನಿಗೆ ಲ್ಯಾಪ್‌ಟಾಪಿನಲ್ಲಿ ಇಂಥ ಚಿತ್ರಗಳನ್ನು ತೋರಿಸಿದ್ದೆ. ಅವಕೆಂಪನ್ನೇ ಕೆಂಪಾಗಿ ತೋರಿಸುವ ಚಿತ್ರ ಮೊದಲು ಬಂತು. "ಇದೇನ್ಲಾ, ತೋಟಕ್ಕೆಲ್ಲ ಬೆಂಕಿ ಬಿದ್ದಂಗೈತೆ!" ಎಂದು ಹೌಹಾರಿದರು. ಬೆರೆಸಿದ ಚಿತ್ರದಲ್ಲಿ ಏರಿ, ತೋಟದ ಅಂಚು, ರಸ್ತೆ ಎಲ್ಲವನ್ನೂ ಬೆರಳಿಟ್ಟು ಗುರುತಿಸಿದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಎಲ್ಲಾ ಸರಿ ಕಣಪ್ಪ, ಮಬ್ಬೇ ಇಲ್ವಲ್ಲ. ಇದು ಪುಷ್ಯ ಅಂತ ಹೆಂಗೆ ಗೊತ್ತಾಗ್ಬೇಕು?"

ಮೂಲೆಯಲ್ಲಿದ್ದ ತಾರೀಕನ್ನು ತೋರಿಸಿದೆ.